ಹನ್ನೆರಡು ಬಕೆಟ್ ಮಣ್ಣಿನ ಕಿಲ್ಲಾ

ದೀಪಾವಳಿಗೆ ಇನ್ನೂ ವಾರವಿರುವಾಗಲೇ ಬೆಳಗಾವಿಯ ಶಹಾಪುರ, ವಡಗಾವಿ, ಅನಗೋಳದ ಗಲ್ಲಿಗಳಲ್ಲಿ ಮಣ್ಣಿನ ರಾಶಿ ಬೀಳತೊಡಗುತ್ತದೆ. ಯಾರೋ ಮನೆ ಕಟ್ಟಿಸುತ್ತಿರಬೇಕು ಅಂದುಕೊಂಡು ಹತ್ತಿರ ಹೋದರೆ ಮೊಣಕೈತನಕ ರಾಡಿ ಮೆತ್ತಿಕೊಂಡ ಹುಡುಗರು, ಕಟ್ಟೆಯ ಮೇಲೆ ಕುಳಿತು "ತಮ್ಮಾ, ನೀರ ಕಮ್ಮಿ ಹಾಕೋ" ಎನ್ನುವ ಒಬ್ಬ ಕಾಕಾ. ಕಿಲ್ಲಾ ಕಟ್ಟುವ ವಾರ ಅದು, ಅಂದರೆ ಶಿವಾಜಿ ಮಹಾರಾಜರ ಕಾಲದ ಕೋಟೆಗಳ ಪುಟ್ಟ ಮಾದರಿಯನ್ನು ದೀಪಾವಳಿಗೆ ಮಣ್ಣಿನಲ್ಲಿ ಎಬ್ಬಿಸುವ ವಾರ. ಮರಾಠಿ ಮನೆಗಳಿಂದ ಬಂದ ರೂಢಿಯಾದರೂ ಇಲ್ಲಿ ಮಣ್ಣು ತುಳಿಯುವ ಕಾಲುಗಳಿಗೆ ಭಾಷೆ ಯಾವುದೂ ಆದೀತು.

ಹಬ್ಬದ ಹಿಂದಿನ ಭಾನುವಾರ ಈ ಕೆಲಸದ ದೊಡ್ಡ ದಿನ. ಆದರೆ ಆ ದಿನ ಸರಿಹೋಗಬೇಕಾದರೆ ಶನಿವಾರ ರಾತ್ರಿಯೇ ಮಣ್ಣು ನೆನೆದಿರಬೇಕು. ಭಾನುವಾರ ಬೆಳಿಗ್ಗೆ ಒಣಮಣ್ಣಿಗೆ ನೀರು ಸುರಿದು ಕಲಸಲು ನಿಂತರೆ ಹೆಂಟೆಗಳು ಒಳಗೆ ಒಣಗಿಯೇ ಉಳಿಯುತ್ತವೆ. ಮೂರನೆಯ ದಿನ ಅವೇ ಹೆಂಟೆಗಳ ಸುತ್ತ ಬಿರುಕು ಏಳುತ್ತದೆ.

ಮಣ್ಣು ಎಷ್ಟು ಬೇಕು? ಎಲ್ಲರೂ ಲೆಕ್ಕ ತಪ್ಪುವುದು ಇಲ್ಲಿಯೇ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಗುಡ್ಡವನ್ನು ಬರೀ ಮಣ್ಣಿನಿಂದ ಏರಿಸಿದರೆ 15 ಲೀಟರಿನ ಬಕೆಟ್‌ನಲ್ಲಿ ಸುಮಾರು 45 ಬಕೆಟ್ ಹಿಡಿಯುತ್ತದೆ. ಅಷ್ಟು ಮಣ್ಣು ತರಲು ಟ್ರಾಲಿ ಬೇಕು, ಒಣಗಲು ಹಬ್ಬ ಮುಗಿಯಬೇಕು, ಹಸಿ ಮಣ್ಣಿನ ಭಾರಕ್ಕೆ ಬುಡವೇ ಹೊರಗೆ ಉಬ್ಬುತ್ತದೆ. ಒಳಗೆ ಪೊಳ್ಳು ಬಿಟ್ಟು ಮೇಲೆ ಎರಡು ಇಂಚು ಮಾತ್ರ ಮೆತ್ತಿದರೆ ಅದೇ ಅಳತೆಯ ಗುಡ್ಡಕ್ಕೆ 12 ಬಕೆಟ್ ಸಾಕು. ಇದಕ್ಕಿಂತ ದೊಡ್ಡದು ಕಟ್ಟುವುದು ಪಕ್ಕದ ಗಲ್ಲಿಯ ಮೇಲಿನ ಹಟಕ್ಕೇ ಹೊರತು ಕಿಲ್ಲಾದ ಚಂದಕ್ಕಲ್ಲ.

ಪೊಳ್ಳು ಅಂದರೆ ಖಾಲಿ ಅಲ್ಲ. ಒಡೆದ ಇಟ್ಟಿಗೆ, ಹಳೆಯ ಹಂಚು, ಕಲ್ಲುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಸರಿಸುತ್ತ ಪೇರಿಸಬೇಕು. ಪ್ರತಿ ಸಾಲು ಕೆಳಗಿನದಕ್ಕಿಂತ ಮೂರು ನಾಲ್ಕು ಇಂಚು ಒಳಗೆ. ಕೈಯಿಂದ ಅಲುಗಾಡಿಸಿದರೆ ಅಲುಗಬಾರದು. ಇಲ್ಲಿ ಅಲುಗಿದ್ದು ಮೇಲೆ ಮಣ್ಣು ಮೆತ್ತಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಇದರ ಮೇಲೆ ಸೆಣಬಿನ ಗೋಣಿಚೀಲಗಳನ್ನು ಸೀಳಿ, ಪಾಯಸದಷ್ಟು ತೆಳ್ಳಗಿನ ರಾಡಿಯಲ್ಲಿ ಅದ್ದಿ, ಹೊದಿಸಬೇಕು. ನಾಲ್ಕು ಚೀಲ ಸಾಕು. ಈಗ ಸಿಮೆಂಟು, ಗೊಬ್ಬರ ಬರುವ ಪ್ಲಾಸ್ಟಿಕ್ ಚೀಲ ಸುಲಭವಾಗಿ ಸಿಗುತ್ತವೆ, ಅವು ಬೇಡ. ಅವುಗಳ ಮೇಲೆ ಮಣ್ಣಿಗೆ ಹಿಡಿತ ಸಿಗುವುದಿಲ್ಲ. ಸಂಜೆ ಮೆತ್ತಿದ ಇಡೀ ಕಡಿದಾದ ಮೈ ಬೆಳಿಗ್ಗೆ ಬುಡದಲ್ಲಿ ಕುಳಿತಿರುತ್ತದೆ.

ಮಣ್ಣಿನ ಬಗ್ಗೆ ಒಂದಿಷ್ಟು ಹೆಚ್ಚೇ ಹೇಳಬೇಕು. ಖಾನಾಪುರ ಕಡೆಯ ಕೆಂಪುಮಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹಂಚು, ಮಡಕೆಗಳಿಗೆ ಹೆಸರಾದ ಊರು ಅದು. ಬೈಲಹೊಂಗಲ, ಸವದತ್ತಿ ಕಡೆಯ ಎರೆಮಣ್ಣು ಜೋಳಕ್ಕೆ ಬಂಗಾರವಾದರೂ ಕಿಲ್ಲಾಕ್ಕೆ ಶತ್ರು. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಗುಣ ಅದಕ್ಕೆ. ಬೇಸಿಗೆಯ ಹೊಲದಲ್ಲಿ ಬೀಳುವಂಥ ಬಿರುಕೇ ಬುರುಜಿನ ಮೇಲೂ ಬೀಳುತ್ತದೆ. ಸಿಕ್ಕಿದ್ದು ಎರೆಮಣ್ಣೇ ಆದರೆ ಅರ್ಧಕ್ಕರ್ಧ ಮರಳು ಬೆರೆಸದೆ ವಿಧಿಯಿಲ್ಲ. ಕೆಂಪುಮಣ್ಣಾದರೆ ಒಂಬತ್ತು ಬಕೆಟ್ ಮಣ್ಣಿಗೆ ಎರಡು ಬಕೆಟ್ ಮರಳು, ಒಂದು ಬಕೆಟ್ ಸೆಗಣಿ, ಬೆರಳುದ್ದ ಕತ್ತರಿಸಿದ ಭತ್ತದ ಹುಲ್ಲು ನಾಲ್ಕೈದು ಹಿಡಿ. ಮರಳು ಕುಗ್ಗುವುದನ್ನು ತಡೆಯುತ್ತದೆ, ಹುಲ್ಲು ಬಿರುಕನ್ನು ಹೊಲಿಗೆಯಂತೆ ಹಿಡಿದಿಡುತ್ತದೆ.

ಹದ ನೋಡುವ ಬಗೆ ಸರಳ. ಲಿಂಬೆಕಾಯಿ ಗಾತ್ರದ ಉಂಡಿ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ಪುಡಿಯಾದರೆ ನೀರು ಕಡಿಮೆ, ಸೆಗಣಿಯಂತೆ ಚಪ್ಪಟೆಯಾದರೆ ನೀರು ಹೆಚ್ಚು. ಅಂಚಿನಲ್ಲಿ ಎರಡು ಮೂರು ಸೀಳು ಬಿಟ್ಟು ಉಂಡಿ ಉಂಡಿಯಾಗಿಯೇ ಉಳಿದರೆ ಮೆತ್ತಲು ಶುರು ಮಾಡಬಹುದು. ಎರಡು ಇಂಚನ್ನೂ ಒಮ್ಮೆಲೇ ಮೆತ್ತಬೇಡಿ. ಮೇಲ್ಮೈ ಬೇಗ ಒಣಗಿ ಬಿಗಿಯುತ್ತದೆ, ಒಳಗಿನದು ಹಸಿಯಾಗಿಯೇ ಇರುತ್ತದೆ, ನಡುವೆ ಹಪ್ಪಳದಂತೆ ಪದರ ಏಳುತ್ತದೆ. ಭಾನುವಾರ ಒಂದು ಇಂಚು ಮೆತ್ತಿ, ಹಸಿಯಿರುವಾಗಲೇ ಬೆರಳಿನಿಂದ ಗೀರು ಎಳೆದು ಬಿಡಿ. ಸೋಮವಾರ ಸಂಜೆ ಆ ಗೀರುಗಳ ಮೇಲೆ ನೀರು ಚಿಮುಕಿಸಿ ಇನ್ನೊಂದು ಇಂಚು.

ಇನ್ನು ಯಾವ ಕಿಲ್ಲಾ? ಶಿವಾಜಿಯ ಮೊದಲ ರಾಜಧಾನಿಯಾಗಿದ್ದ ರಾಜಗಡದ ಮೇಲೆ ಎಲ್ಲರಿಗೂ ಮೋಹ. ಅದರ ನಕ್ಷೆ ನೆನಪಿಡುವುದೂ ಸುಲಭ. ನಡುವೆ ಬಾಲೆಕಿಲ್ಲಾದ, ಅಂದರೆ ಎಲ್ಲಕ್ಕೂ ಮೇಲಿನ ಒಳಕೋಟೆಯ ಕೋಡು, ಅದರಿಂದ ಫ್ಯಾನಿನ ಮೂರು ಎಲೆಗಳಂತೆ ಚಾಚಿದ ಪದ್ಮಾವತಿ, ಸುವೇಳಾ, ಸಂಜೀವನಿ ಎಂಬ ಮಾಚಿಗಳು, ಅಂದರೆ ಗೋಡೆ ಸುತ್ತಿದ ತಟ್ಟುಗಳು. ಕೋಟೆಗೋಡೆ ಇಟ್ಟು ಆಮೇಲೆ ಗುಡ್ಡವನ್ನು ಹೊಂದಿಸಲು ಹೋದವರ ರಾಜಗಡ ಯಾವಾಗಲೂ ಹುಟ್ಟುಹಬ್ಬದ ಕೇಕಿನಂತೆ ಕಾಣುತ್ತದೆ. ಮೊದಲು ಗುಡ್ಡದ ಮೂರು ಕಾಲುಗಳನ್ನು ಎಳೆಯಬೇಕು, ಗೋಡೆ ಆ ಅಂಚನ್ನು ಹಿಡಿದು ಹೋಗಬೇಕು. ನಿಜವಾದ ಕೋಟೆ ಕಟ್ಟಿದವರು ಮಾಡಿದ್ದೂ ಅದನ್ನೇ. ಕಡಿದಾದ ಕಡೆ ಗೋಡೆ ತಗ್ಗು, ಹತ್ತಲು ಸುಲಭವಾದ ಕಡೆ ಎತ್ತರ.

ಅಳತೆಯ ಇನ್ನೊಂದು ತೊಡಕಿದೆ. ಪೇಟೆಯಲ್ಲಿ ಸಿಗುವ ಮಾವಳೆ (ಶಿವಾಜಿಯ ಸೈನಿಕ) ಗೊಂಬೆ ಎರಡು ಇಂಚಿನದಾದರೆ, ಅದರ ಲೆಕ್ಕದಲ್ಲಿ ಮೂರು ಅಡಿಯ ಗುಡ್ಡ ಬರೀ ನೂರು ಅಡಿಯ ದಿಬ್ಬ. ರಾಜಗಡವೋ ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗೂ ಮಿಕ್ಕಿ ನಿಂತದ್ದು. ಇದಕ್ಕೆ ಕಣ್ಕಟ್ಟೇ ಉಪಾಯ. ದೊಡ್ಡ ಗೊಂಬೆಗಳು ಬುಡದ ಹಳ್ಳಿಯಲ್ಲಿ, ಒಂದಿಂಚಿನವು ಮೇಲೆ. ಬುಡದ ದಾರಿ ಎರಡು ಇಂಚು ಅಗಲ, ಮೇಲೇರುತ್ತ ಅರ್ಧ ಇಂಚಿಗೆ ಇಳಿಯಲಿ. ಸಿಂಹಾಸನದ ಮಹಾರಾಜರ ಗೊಂಬೆ ಮಾತ್ರ ದೊಡ್ಡದೇ ಇರುತ್ತದೆ, ಅದಕ್ಕೆ ಯಾರ ತಕರಾರೂ ಇಲ್ಲ.

ಬುರುಜಿಗೆ ಸ್ಟೀಲಿನ ಲೋಟವೇ ಅಚ್ಚು. ಒಳಗೆ ನೀರು ಸವರಿ, ಒಣ ಬೂದಿ ಉದುರಿಸಿ, ಗಟ್ಟಿ ಹದದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ತುಂಬಿ ಬೋರಲು ಹಾಕಿ. ಬೂದಿ ಮರೆತರೆ ಬುರುಜಿನ ಅರ್ಧ ಲೋಟದಲ್ಲೇ ಉಳಿಯುತ್ತದೆ. ಗೋಡೆ ಮೂರು ಇಂಚು ಎತ್ತರ, ಬುಡದಲ್ಲಿ ಒಂದೂವರೆ ಇಂಚು ದಪ್ಪ. ಗೋಡೆಯ ಮೇಲಂಚಿನ ಹಲ್ಲಿನಂಥ ತೆನೆಗಳನ್ನು ಹಸಿಯಿರುವಾಗ ಕೊಯ್ದರೆ ಬಾಗುತ್ತವೆ, ಪೂರ್ತಿ ಒಣಗಿದ ಮೇಲೆ ಕೊಯ್ದರೆ ಒಡೆಯುತ್ತವೆ. ಉಗುರು ಒತ್ತಿದರೆ ಗುರುತು ಬಿದ್ದು ಬೆರಳಿಗೆ ಅಂಟದ ಹೊತ್ತಿನಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಬೇಕು. ಮುಖ್ಯ ಬಾಗಿಲನ್ನು ದಾರಿಗೆ ನೇರವಾಗಿ ಇಡುವುದು ಹುಡುಗರಷ್ಟೇ ಅಲ್ಲ, ದೊಡ್ಡವರೂ ಮಾಡುವ ತಪ್ಪು. ಗೋಮುಖ ಬಾಗಿಲಿನ ಹಿಕಮತ್ತೇ ಬಾಗಿಲು ಕಾಣದಿರುವುದರಲ್ಲಿ. ಎರಡು ಬುರುಜುಗಳ ನಡುವೆ ದಾರಿ ತಿರುಗಿದ ಮೇಲೆಯೇ ಅದು ಎದುರಾಗುತ್ತದೆ; ಆನೆಗೆ ಓಡಿಬಂದು ಗುದ್ದಲು ಜಾಗವಿರುವುದಿಲ್ಲ, ತೋಪಿಗೆ ನೇರ ಗುರಿ ಸಿಗುವುದಿಲ್ಲ.

ಗೋಡೆ, ಬುರುಜು, ದಾರಿ ಎಲ್ಲ ಮುಗಿದ ಮೇಲೆಯೇ ಬಿತ್ತನೆ. ನೀರು ತುಂಬುವ ಹಬ್ಬಕ್ಕೆ ನಾಲ್ಕು ದಿನ ಮೊದಲು ಬಿತ್ತಿದರೆ ಹಬ್ಬಕ್ಕೆ ಸರಿಯಾಗಿ ಇಂಚು ಹಸಿರು. ಹೆಚ್ಚಿನವರು ಸಾಸಿವೆ ಚೆಲ್ಲುತ್ತಾರೆ. ಸಮತಟ್ಟಿಗೆ ಅದು ಒಳ್ಳೆಯದೇ, ಇಳಿಜಾರಿನಲ್ಲಿ ಮಾತ್ರ ಉರುಳಿ ಬುಡ ಸೇರುತ್ತದೆ. ಗುಡ್ಡ ಬೋಳು, ಚರಂಡಿ ಹಸಿರು. ಇಳಿಜಾರಿಗೆ ಅಳವಿಯೇ ಸರಿ, ಬಾಣಂತಿಗೆ ಉಂಡಿ ಕಟ್ಟುವ ಅದೇ ಅಳವಿ. ನೂರು ಗ್ರಾಂ ಬೀಜವನ್ನು ಅರ್ಧ ಲೀಟರ್ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಹಾಕಿದರೆ ಪ್ರತಿ ಕಾಳಿನ ಸುತ್ತ ಲೋಳೆ ಬಿಟ್ಟು ಪಾತ್ರೆ ಪೂರ್ತಿ ಗಂಜಿಯಂತಾಗುತ್ತದೆ. ಅದನ್ನು ಅಂಗೈಯಿಂದ ಇಳಿಜಾರಿಗೆ ತೆಳ್ಳಗೆ ಸವರಿ. ಲೋಳೆಯೇ ಅಂಟು, ಗೋಡೆಯಷ್ಟು ನೆಟ್ಟಗಿನ ಮೈಯಲ್ಲೂ ಬೀಜ ನಿಲ್ಲುತ್ತದೆ. ಚದರ ಅಡಿಗೆ ಹತ್ತು ಗ್ರಾಂ ಮೀರಬಾರದು. ದಟ್ಟವಾದಷ್ಟೂ ಗಾಳಿಯಾಡದೆ ಬುಡ ಕೊಳೆಯುತ್ತದೆ. ಗುಡ್ಡವನ್ನೆಲ್ಲ ಹಸಿರು ಮಾಡುವುದೂ ಬೇಡ. ಕಡಿದಾದ ಬಂಡೆಗಳು ಬೋಳಾಗಿದ್ದರೇ ಸಹ್ಯಾದ್ರಿಯ ಕಳೆ. ಅಲ್ಲಿ ಇದ್ದಿಲ ಪುಡಿ ಸವರಿದರೆ ಕರಿಗಲ್ಲಿನ ಬಣ್ಣ ಬರುತ್ತದೆ.

ಎರಡನೆಯ ದಿನ ಮೊಳಕೆಯ ಬುಡದಲ್ಲಿ ಬಿಳಿ ನೂಲು ಕಂಡು "ಬೂಜು ಬಂತು" ಎಂದು ಗಾಬರಿಯಾಗಿ ಕಿತ್ತೆಸೆದವರಿದ್ದಾರೆ. ನೀರು ಸಿಂಪಡಿಸಿ ನೋಡಿ. ಬೇರಿನ ಕೂದಲಾದರೆ ಒದ್ದೆಯಾದ ಕೂಡಲೇ ಮಾಯವಾಗುತ್ತದೆ, ಬೂಜಾದರೆ ಹಾಗೆಯೇ ಇರುತ್ತದೆ. ಬೂಜು ಬಂದಷ್ಟು ಜಾಗವನ್ನು ಚಮಚದಿಂದ ಕೆರೆದು ತೆಗೆದು ಒಣಮಣ್ಣು ಹಾಕಿದರೆ ಆಯಿತು. ನೀರು ತಂಬಿಗೆಯಿಂದ ಸುರಿಯಬಾರದು. ಒಂದೇ ತಂಬಿಗೆ ನೀರಿಗೆ ದಾರಿಯ ಮೇಲೆ ಹಳ್ಳ ಬೀಳುತ್ತದೆ. ಬಾಟಲಿಯ ಮುಚ್ಚಳಕ್ಕೆ ಕಾದ ಸೂಜಿಯಿಂದ ಏಳೆಂಟು ತೂತು ಮಾಡಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚಿಮುಕಿಸಿದರೆ ಸಾಕು. ಗುಬ್ಬಿ, ಪಾರಿವಾಳಗಳ ಕಾಟವಿದ್ದರೆ ಮೊದಲ ಎರಡು ದಿನ ಹಳೆಯ ಸೊಳ್ಳೆಪರದೆ ಹೊದಿಸಿ.

ಸ್ವಾತಿ ಮಳೆ ಈ ಹೊತ್ತಿಗೇ ಬರುವುದು. ತಾಡಪತ್ರಿಯನ್ನು ಕಿಲ್ಲಾದ ಮೇಲೆಯೇ ಹೊದಿಸಿ ಮಲಗಿದರೆ ಬೆಳಿಗ್ಗೆ ತೆನೆಗಳು ಚಪ್ಪಟೆ, ಮೊಳಕೆ ಹಳದಿ. ನಾಲ್ಕು ಬಿದಿರು ನೆಟ್ಟು ಒಂದು ಅಡಿ ಮೇಲೆ ಇಳಿಜಾರಾಗಿ ಕಟ್ಟಬೇಕು. ಬೆಳಕಿಗೆ ಬ್ಯಾಟರಿಯ ಅಥವಾ 12 ವೋಲ್ಟಿನ ಎಲ್ಇಡಿ ಸರ ಬಳಸಿ. ಗೋಡೆಯ ಪ್ಲಗ್ಗಿನಿಂದ ನೇರ ಎಳೆದ ಹಳೆಯ ವೈರನ್ನು ಒದ್ದೆ ಮಣ್ಣಿನಲ್ಲಿ ಹೂಳುವುದು ಆಟವಲ್ಲ. ಹಣತೆಗಳು ಬುಡದ ಸುತ್ತ ಮಾತ್ರ ಇರಲಿ, ಎಣ್ಣೆ ಚೆಲ್ಲಿದ ಕಡೆ ಅಳವಿ ಮರುದಿನವೇ ಬಾಡುತ್ತದೆ.

ಅಂಗಳವೇ ಇಲ್ಲದ ಅಪಾರ್ಟ್‌ಮೆಂಟಿನವರಿಗೆ ಊರಿನದೇ ಕೋಟೆ ಇದೆ. 1204ರಲ್ಲಿ ರಟ್ಟರ ಬೀಚಿರಾಜ ಕಟ್ಟಿಸಿದ ಬೆಳಗಾವಿ ಕೋಟೆಗೆ ಗುಡ್ಡ ಬೇಡ, ಸುತ್ತ ಕಂದಕ ಸಾಕು. ಮೂರು ಅಡಿಗೆ ಎರಡು ಅಡಿಯ ಹಲಗೆ, ಎರಡು ಬಕೆಟ್ ಮಣ್ಣು, ಒಳಗೆ ಕಮಲ ಬಸದಿಗೊಂದು ಮೂಲೆ. ಕಂದಕಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಅಂಚನ್ನು ಮಣ್ಣಿನಲ್ಲಿ ಮುಚ್ಚಬೇಕು. ಗೋಡೆಗೂ ನೀರಿಗೂ ನಡುವೆ ಮೂರು ಇಂಚು ಒಣ ಜಾಗ ಬಿಡಬೇಕು, ಇಲ್ಲವಾದರೆ ನೀರು ಬುಡಕ್ಕೆ ಇಂಗಿ ಗೋಡೆ ಒಳಗೆ ಕುಸಿಯುತ್ತದೆ. 1824ರ ಅಕ್ಟೋಬರ್ 23ರ ನೆನಪಿನ ಕಿತ್ತೂರು ಉತ್ಸವ ಈ ದಿನಗಳಲ್ಲೇ ಬರುವುದರಿಂದ ಕಿತ್ತೂರನ್ನು ಕಟ್ಟಿದರೂ ಚಂದ. ಅರಮನೆಯ ಮುರಿದ ಗೋಡೆಗಳನ್ನು ಮುರಿದಂತೆಯೇ ಮಾಡಬಹುದು, ನಮ್ಮ ಕೈ ತಪ್ಪಿದ್ದೂ ಅದರಲ್ಲಿ ಮುಚ್ಚಿಹೋಗುತ್ತದೆ.

ಹತ್ತು ಹನ್ನೆರಡು ದಿನಕ್ಕೆ ಅಳವಿ ಉದ್ದವಾಗಿ ಬಾಗಿ ಬೀಳುತ್ತದೆ. ಆ ಹೊತ್ತಿಗೆ ತುಳಸಿ ಲಗ್ನವೂ ಬಂದಿರುತ್ತದೆ. ಕೆಲವು ಕಡೆ ಕಿಲ್ಲಾದೊಳಗೆ ಪಟಾಕಿ ಇಟ್ಟು ಹಾರಿಸುತ್ತಾರೆ. ಗೊಂಬೆ ಒಡೆದು ಹಂಚಿನ ಚೂರು ಕಣ್ಣಿಗೆ ಹಾರುವ ಆ ಮೋಜು ಬೇಡ. ಮೊದಲು ಗೊಂಬೆಗಳನ್ನು ತೆಗೆದು ಹಳೆಯ ಧೋತರದಲ್ಲಿ ಸುತ್ತಿಡಿ. ಮೇಲಿನಿಂದ ಕೆಳಕ್ಕೆ ಮಣ್ಣು ಇಳಿಸಿ, ಇಟ್ಟಿಗೆ ಎಣಿಸಿ ಮೂಲೆಗೆ ಪೇರಿಸಿ, ಗೋಣಿಚೀಲ ತೊಳೆದು ಒಣಹಾಕಿ. ಸೆಗಣಿ ಬೆರೆತ ಆ ಮಣ್ಣನ್ನು ತುಳಸಿ ಕಟ್ಟೆಗೂ ಕುಂಡಗಳಿಗೂ ಹಾಕಬಹುದು. ಉಳಿದರೆ ಒಂದು ಚೀಲ ತುಂಬಿ ಮಳೆ ತಾಗದ ಕಡೆ ಇಡಿ, ಜರಡಿ ಹಿಡಿದದ್ದು ಮುಂದಿನ ವರ್ಷ ಬುರುಜಿಗೆ ಬೇಕಾಗುತ್ತದೆ.