23 ಕೆಜಿಯ ಬ್ಯಾಗು

ಬರುವ ಶುಕ್ರವಾರ ಜರ್ಮನಿಗೆ ಹೊರಡಬೇಕು. ನನ್ನ ಟಿಕೆಟ್‌ಗೆ ಇರುವುದು 23 ಕೆಜಿಯ ಒಂದೇ ಬ್ಯಾಗು. ಮೂರು ದಿನದಿಂದ ಬೆಳಗಾವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅದೇ ಕೆಲಸ, ತುಂಬುವುದು, ತೂಗುವುದು, ಮತ್ತೆ ತೆಗೆಯುವುದು. ಅವ್ವ ಕಟಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿ ಎರಡೆರಡು ಚೀಲದಲ್ಲಿ ಕಟ್ಟಿಟ್ಟಿದ್ದಾಳೆ. ಕುಂದಾ ಮಾತ್ರ ಒಯ್ಯುವಂತಿಲ್ಲ. ಹೊರಗಿನಿಂದ ಬರುವವರು ಮಾಂಸ, ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಅದನ್ನು ಹೇಳಿದಾಗ ಅವ್ವನ ಮುಖ ಸಣ್ಣದಾಯಿತು. ತುಪ್ಪದ ಡಬ್ಬಿಯೂ ವಾಪಸ್ ಅಡುಗೆಮನೆಗೆ ಹೋಯಿತು.

ಪವರ್ ಬ್ಯಾಂಕು, ಸರ್ಟಿಫಿಕೇಟು ಎಲ್ಲ ಕೈಚೀಲಕ್ಕೆ. ಎರಡು ಸ್ವೆಟರ್ ತೆಗೆದೆ, ಅಲ್ಲೇ ಕೊಂಡರಾಯಿತು ಅಲ್ವಾ, ಆ ಜಾಗಕ್ಕೆ ಅಜ್ಜಿಯ ಇಳಕಲ್ ಸೀರೆ ಬಂತು. ಉಡುತ್ತೇನೋ ಇಲ್ಲವೋ ಗೊತ್ತಿಲ್ಲ, ಆದರೆ ಆ ಕೆಂಪು ಸೆರಗು ನನ್ನ ಹತ್ತಿರ ಇರಬೇಕು.

ಮನೆ ಬಿಡುವುದು ಹೀಗಿರುತ್ತೆ ಅಂದುಕೊಂಡಿರಲಿಲ್ಲ. ಒಂದೊಂದನ್ನೇ ಕೈಯಲ್ಲಿ ಹಿಡಿದು, ಇದು ಅಲ್ಲಿ ಸಿಗುತ್ತದಾ, ಇಲ್ವಾ ಅಂತ ಸುಮ್ನೆ ಕೂತು ನೋಡುತ್ತಿದ್ದೇನೆ.

ಈಗ ತೂಕ 22.6. ಅವ್ವ ಇನ್ನೊಂದು ಚಟ್ನಿ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.