ರ‍್ಯಾಂಕ್ ಬಿಡಿ, ನಾಲ್ಕನೇ ವರ್ಷ ನೋಡಿ

ಅಮೆರಿಕದಲ್ಲಿ ವಿಜ್ಞಾನದಲ್ಲಿ ಪದವಿ ಮಾಡಿ ಆಮೇಲೆ ಪಿಎಚ್‌ಡಿಗೆ ಹೋಗಬೇಕು ಅನ್ನುವ ಮಕ್ಕಳ ಅಪ್ಪ ಅಮ್ಮ ಮೊದಲು ಕೇಳುವುದೇ ಕಾಲೇಜಿನ ರ‍್ಯಾಂಕ್. ಅದಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಕೊನೆಯ ವರ್ಷದ ಹುಡುಗ ಹುಡುಗಿಯರು ಏನು ಮಾಡುತ್ತಾರೆ ನೋಡಿ.

ಆರಿಗನ್‌ನ ರೀಡ್ ಕಾಲೇಜನ್ನೇ ತಗೊಳ್ಳಿ. ಅಲ್ಲಿ ಥೀಸಿಸ್ ಬರೆಯದೆ ಯಾರಿಗೂ ಡಿಗ್ರಿ ಇಲ್ಲ. ಮೂರನೇ ವರ್ಷದಲ್ಲಿ ತಮ್ಮ ವಿಭಾಗದ ಅರ್ಹತಾ ಪರೀಕ್ಷೆ ದಾಟಬೇಕು, ಆಮೇಲೆ ನಾಲ್ಕನೇ ವರ್ಷ ಪೂರ್ತಿ ಒಬ್ಬ ಪ್ರೊಫೆಸರ್ ಜೊತೆ ಒಂದೇ ಪ್ರಶ್ನೆಯ ಬೆನ್ನು ಹತ್ತಬೇಕು, ಕೊನೆಗೆ ಬರೆದದ್ದನ್ನೆಲ್ಲ ಅಧ್ಯಾಪಕರ ಎದುರು ಕೂತು ಸಮರ್ಥಿಸಿಕೊಳ್ಳಬೇಕು. ಕ್ಯಾಂಪಸ್ಸಿನಲ್ಲಿ 1968ರಿಂದ ಒಂದು ಪುಟ್ಟ ಅಣು ರಿಯಾಕ್ಟರ್ ಕೂಡ ಇದೆ, ಅದನ್ನು ನಡೆಸುವವರು ಹೆಚ್ಚಾಗಿ ಲೈಸೆನ್ಸ್ ಪಡೆದ ಪದವಿ ವಿದ್ಯಾರ್ಥಿಗಳೇ! ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನ ಆನರ್ಸ್ ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಲು ಹೊರಗಿನ ಪರೀಕ್ಷಕರು ಬರುತ್ತಾರೆ. ಕ್ಯಾಲಿಫೋರ್ನಿಯಾದ ಹಾರ್ವೆ ಮಡ್ ಕಾಲೇಜಿನಲ್ಲಿ ಗಣಿತ ಓದುವವರೂ ಕೆಮಿಸ್ಟ್ರಿ, ಬಯಾಲಜಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಓದಿದವರಲ್ಲಿ ಎಷ್ಟು ಪಾಲು ಜನ ಮುಂದೆ ಪಿಎಚ್‌ಡಿ ಮುಗಿಸುತ್ತಾರೆ ಅನ್ನುವ ಲೆಕ್ಕದಲ್ಲಿ ಈ ಚಿಕ್ಕ ಕಾಲೇಜುಗಳು ಕ್ಯಾಲ್‌ಟೆಕ್, ಎಂಐಟಿ ಸಾಲಿನಲ್ಲೇ ನಿಲ್ಲುತ್ತವೆ.

ನನ್ನ ಅಕ್ಕನ ಮಗಳು "ಮಾಮ, ಅಲ್ಲೆಲ್ಲ ನಿದ್ದೇನೇ ಇರಲ್ವಂತೆ" ಅಂದಳು. ಇರಬಹುದು. ಆದರೆ ರಾಶಿ ಹೋಂವರ್ಕ್ ಕೊಟ್ಟರೆ ಅದೊಂದೇ ಗಟ್ಟಿ ಓದು ಆಗುವುದಿಲ್ಲ, ಅಲ್ವಾ? ಪಿಎಚ್‌ಡಿ ಅರ್ಜಿಗೆ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು. "ತರಗತಿಯಲ್ಲಿ ಎ ಗ್ರೇಡ್ ತೆಗೆದಳು" ಅನ್ನುವ ಪತ್ರಕ್ಕೆ ತೂಕ ಕಡಿಮೆ. ಪ್ರಯೋಗ ಕೈಕೊಟ್ಟಾಗ ಇವಳು ಏನು ಮಾಡಿದಳು ಅಂತ ಬರೆಯಬಲ್ಲವರು ಬೇಕು. ಪಿಎಚ್‌ಡಿ ವಿದ್ಯಾರ್ಥಿಗಳೇ ಇಲ್ಲದ ಕಾಲೇಜಿನಲ್ಲಿ ಲ್ಯಾಬಿನ ಉಪಕರಣವೂ ಪ್ರೊಫೆಸರ್ ಸಮಯವೂ ಪದವಿ ವಿದ್ಯಾರ್ಥಿಗಳಿಗೇ ಸಿಗುವುದರಿಂದ ಅಂಥ ಪತ್ರ ಸಿಗುವುದು ಸುಲಭ.

ಆದರೆ ಚಿಕ್ಕ ಕಾಲೇಜಿನಲ್ಲಿ ಮೇಲಿನ ಹಂತದ ಕೆಲವು ಕೋರ್ಸುಗಳು ವರ್ಷ ಬಿಟ್ಟು ವರ್ಷ ಬರುತ್ತವೆ. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಕಳೆದ ನಾಲ್ಕು ವರ್ಷದಲ್ಲಿ ನಿಜಕ್ಕೂ ಯಾವಾಗ ನಡೆಸಿದರು ಕೇಳಿ. ಎರಡನೇ ವರ್ಷಕ್ಕೇ ಕಾಲೇಜಿನ ಗಣಿತವೆಲ್ಲ ಮುಗಿಸುವಂಥ ಮಗುವಾದರೆ, ಪಿಎಚ್‌ಡಿ ಹಂತದ ತರಗತಿಯಲ್ಲೂ ಕೂರಲು ಬಿಡುವ ದೊಡ್ಡ ವಿಶ್ವವಿದ್ಯಾಲಯವೇ ವಾಸಿ.

ನಮ್ಮವರು ಮರೆಯುವ ಇನ್ನೊಂದು ವಿಷಯ ಇದೆ. ಬೇಸಿಗೆಯಲ್ಲಿ ಸಂಬಳ ಕೊಟ್ಟು ಸಂಶೋಧನೆ ಮಾಡಿಸುವ ಎನ್‌ಎಸ್‌ಎಫ್‌ನ (ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ) ಆರ್‌ಇಯು ಅನ್ನುವ ಪದವಿ ವಿದ್ಯಾರ್ಥಿಗಳ ಯೋಜನೆಯ ದುಡ್ಡು ಅಮೆರಿಕದ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ವೀಸಾದಲ್ಲಿರುವ ಮಕ್ಕಳಿಗಾದರೆ, ಕಾಲೇಜು ತನ್ನದೇ ಹಣದಲ್ಲಿ ಬೇಸಿಗೆ ಕೆಲಸ ಕೊಡುತ್ತದಾ ಅನ್ನುವುದು ರ‍್ಯಾಂಕಿಗಿಂತ ಎಷ್ಟೋ ದೊಡ್ಡ ಪ್ರಶ್ನೆ.

ಪದವಿ ಆದಮೇಲೆ ಅಲ್ಲೇ ಮೆಡಿಕಲ್ ಓದುವ ಮನಸ್ಸಿದ್ದರೆ ಮಾತ್ರ ಈ ಲೆಕ್ಕವೆಲ್ಲ ಬದಲಾಗುತ್ತದೆ. ಅಲ್ಲಿ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ ಮೇಲೆ ಕಣ್ಣು ಜಾಸ್ತಿ, ಕೈಬಿಗಿದು ಅಂಕ ಕೊಡುವ ಕಾಲೇಜು ದುಬಾರಿಯಾಗಬಹುದು.