ಬೇರೆ ರೋಗಿಗಳ ಕಥೆ ಕೇಳಿದರೆ ಭಯ ಜಾಸ್ತಿ ಆಗಲ್ವಾ?

ಲಿಂಫೋಮಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್, ಇದೆ ಅಂತ ಗೊತ್ತಾದಾಗಿನಿಂದ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು. ಅತ್ತೆಯೂ ಕೇಳುತ್ತಾರೆ, ಆಫೀಸಿನವರೂ ಕೇಳುತ್ತಾರೆ. "ಕಾಯಿಲೆ ಮರೆತು ಹಾಯಾಗಿರೋದು ಬಿಟ್ಟು, ಅದೇ ಕಾಯಿಲೆಯವರ ಹತ್ರ ಅದನ್ನೇ ಮಾತಾಡ್ತೀಯಲ್ಲ?" ಕಾಳಜಿಯಿಂದಲೇ ಕೇಳುತ್ತಾರೆ. ಕೆಲವು ಕಥೆ ಕೇಳಿದರೆ ಭಯ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೂ ನಾನು ಆ ಮಾತುಕತೆ ಬಿಡುವುದಿಲ್ಲ.

ನನ್ನದು ಫಾಲಿಕ್ಯುಲರ್ ಲಿಂಫೋಮಾ. ನಿಧಾನಕ್ಕೆ ಬೆಳೆಯುವ ಜಾತಿ. ಕತ್ತಿನಲ್ಲಿ ನೋವಿಲ್ಲದ ಗಂಟು ಕಾಣಿಸಿತು, ಬಯಾಪ್ಸಿಯಲ್ಲಿ, ಅಂದರೆ ಗಂಟಿನ ತುಣುಕು ತೆಗೆದು ನೋಡುವ ಪರೀಕ್ಷೆಯಲ್ಲಿ, ಹೆಸರು ಗೊತ್ತಾಯಿತು. ಡಾಕ್ಟರು "ಈಗ ಔಷಧಿ ಬೇಡ, ನೋಡ್ತಾ ಇರೋಣ" ಅಂದರು. ಮನೆಯವರಿಗೆ ತಲೆಬುಡ ಅರ್ಥವಾಗಲಿಲ್ಲ. ಕ್ಯಾನ್ಸರ್ ಅಂತಾರೆ, ಸುಮ್ನೆ ಇರಿ ಅಂತಾರೆ, ಇದೆಂಥ ಚಿಕಿತ್ಸೆ? ತೊಂದರೆ ಕೊಡದೆ ಇರುವ ಫಾಲಿಕ್ಯುಲರ್‌ಗೆ ಬೇಗ ಔಷಧಿ ಶುರು ಮಾಡಿದರೆ ಆಯಸ್ಸು ಹೆಚ್ಚುತ್ತದೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಗಂಟು ದೊಡ್ಡದಾಗುತ್ತಾ ಹೋದರೆ, ಜ್ವರ, ರಾತ್ರಿ ಬಟ್ಟೆ ನೆನೆಯುವಷ್ಟು ಬೆವರು, ತೂಕ ಇಳಿಯುವುದು ಶುರುವಾದರೆ ಆಗ ಔಷಧಿ. ಡಾಕ್ಟರು ಇದನ್ನೆಲ್ಲ ತಾಳ್ಮೆಯಿಂದ ಹೇಳಿದರು. ತಲೆಗೆ ಹೋಯಿತು, ಮನಸ್ಸು ಒಪ್ಪಲಿಲ್ಲ.

ಮನಸ್ಸು ಒಪ್ಪಿದ್ದು ಇದೇ ಕಾಯಿಲೆ ಇಟ್ಟುಕೊಂಡು ವರ್ಷಗಟ್ಟಲೆ ಪಾಠ ಮಾಡುತ್ತಿರುವ ಒಬ್ಬ ಟೀಚರ್ ಜೊತೆ ಮಾತಾಡಿದಾಗ. "ಸ್ನಾನ ಮಾಡುವಾಗ ದಿನಾ ಕತ್ತು ಒತ್ತಿ ನೋಡ್ಕೋತೀರಾ?" ಅಂತ ಅವರೇ ಕೇಳಿದರು. ಯಾರಿಗೂ ಹೇಳದೆ ನಾನು ಮಾಡುತ್ತಿದ್ದ ಕೆಲಸ ಅದು. "ನಾನೂ ಹಾಗೇ ಒತ್ತಿ ಒತ್ತಿ ನೋವು ಬರಿಸಿಕೊಂಡಿದ್ದೆ. ಈಗ ತಿಂಗಳಿಗೊಂದು ಸಲ ಅಂತ ಇಟ್ಕೊಂಡಿದೀನಿ." ಇಷ್ಟೇ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಕೀಮೋ ನಡೆಯುವವರಿಗಂತೂ ಇಂಥ ಮಾತು ಇನ್ನೂ ಬೇಕು. ಆಸ್ಪತ್ರೆ ಕಾರಿಡಾರಿನಲ್ಲಿ ಮಂಡ್ಯ ಕಡೆಯ ಅಮ್ಮ ಒಬ್ಬರು ಕಾಲೇಜು ಹುಡುಗನಿಗೆ ಹೇಳುತ್ತಿದ್ದರು: "ಔಸ್ದಿ ಆದ್ಮೇಲೆ ಒಂದಕ್ಕೆ ಹೋದ್ರೆ ಕೆಂಪಗೆ ಹೋಯ್ತದೆ ಮಗ, ರಕ್ತ ಅಂತ ಎದ್ರ್ಕಬ್ಯಾಡ. ಅದು ಔಸ್ದಿ ಬಣ್ಣ." ಡಾಕ್ಸೊರುಬಿಸಿನ್ ಅನ್ನುವ ಔಷಧಿಯೇ ಕೆಂಪು. ಹುಡುಗನದು ಹಾಡ್ಕಿನ್ ಲಿಂಫೋಮಾ, ಆಕೆಯದು ಬೇರೆ ವಿಧ. ಆದರೆ ಇಬ್ಬರ ಬಾಟಲಿಯಲ್ಲೂ ಅದು ಇತ್ತು. ಬಾಯಲ್ಲಿ ಕಬ್ಬಿಣದ ರುಚಿ ಬಂದಾಗ ಸ್ಟೀಲ್ ಲೋಟ ಬಿಟ್ಟು ಗಾಜಿನ ಲೋಟದಲ್ಲಿ ನೀರು ಕುಡಿ ಅಂತಲೂ ಆಕೆಯೇ ಹೇಳಿದ್ದು. ಹುಡುಗನ ಅಪ್ಪ ಪಕ್ಕದಲ್ಲಿ ನಿಂತು ಫೈಲ್ ಹಿಂದೆ ಅದನ್ನೆಲ್ಲ ಬರೆದುಕೊಂಡರು.

ಭಯ ಬರುವುದು ಇನ್ನೊಂದು ಥರದ ಕಥೆಯಿಂದ. "ನಮ್ಮ ಭಾವನಿಗೂ ಲಿಂಫೋಮಾನೇ, ಆರು ತಿಂಗಳೂ ಇರಲಿಲ್ಲ." ಲಿಂಫೋಮಾದಲ್ಲಿ 60ಕ್ಕೂ ಹೆಚ್ಚು ವಿಧಗಳಿವೆ. ಹಾಡ್ಕಿನ್ ಬಂದವರಲ್ಲಿ ಹೆಚ್ಚಿನವರಿಗೆ ಪೂರ್ತಿ ಗುಣವಾಗುತ್ತದೆ. ನನ್ನಂಥವರದು ಸಾಮಾನ್ಯವಾಗಿ ಪೂರ್ತಿ ಹೋಗದಿದ್ದರೂ ವರ್ಷಾನುಗಟ್ಟಲೆ ಹತೋಟಿಯಲ್ಲಿ ಇರುತ್ತದೆ. ಕೆಲವು ವಿಧಗಳು ತುಂಬಾ ಜೋರು. ಆ ಭಾವನದು ಯಾವುದು ಅಂತ ಹೇಳಿದವರಿಗೇ ಗೊತ್ತಿರುವುದಿಲ್ಲ. ಅದಕ್ಕೇ ನಾನು ಬೇರೆ ರೋಗಿಗಳ ಹತ್ತಿರ, ಕಾಯಿಲೆ ಇಟ್ಟುಕೊಂಡು ದಿನ ಕಳೆಯುವುದು ಹೇಗೆ ಅಂತ ಕೇಳುತ್ತೇನೆ. ನನ್ನ ಕಾಯಿಲೆ ಮುಂದೆ ಏನಾಗುತ್ತದೆ ಅನ್ನುವುದನ್ನು ಡಾಕ್ಟರ ಹತ್ತಿರ ಮಾತ್ರ ಕೇಳುತ್ತೇನೆ. ಕಷಾಯ, ಪುಡಿ, ಬೇರು ಯಾರೇ ಹೇಳಲಿ, ಡಾಕ್ಟರಿಗೆ ತೋರಿಸದೆ ಬಾಯಿಗಿಡುವುದಿಲ್ಲ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ "ನಮಗೂ ಬಂದಿತ್ತು, ತಾನಾಗೇ ಹೋಯ್ತು" ಅನ್ನುವವರ ಮಾತು ಕೇಳಬೇಡಿ, ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ ಹೋಗಿ.

ಈಗ ಹೊಸಬರು ನನಗೂ ಫೋನ್ ಮಾಡುತ್ತಾರೆ. ಧೈರ್ಯ ಹೇಳುವ ಮೊದಲು ನಾನು ಕೇಳುವುದು ಒಂದೇ: ಬಯಾಪ್ಸಿ ರಿಪೋರ್ಟಿನಲ್ಲಿ ಯಾವ ವಿಧ ಅಂತ ಬರೆದಿದೆ, ಓದಿ ಹೇಳ್ತೀರಾ? ಆಮೇಲೆ ಅದೇ ವಿಧದವರು ಯಾರಾದರೂ ಗೊತ್ತಿದ್ದರೆ, ಅವರನ್ನು ಒಂದು ಮಾತು ಕೇಳಿ, ಇಬ್ಬರನ್ನೂ ಮಾತಾಡಿಸುತ್ತೇನೆ.